ದೊರೆ ಕೋಳಿಗೆ ನಾನು ಹೇಳಿದ ಊರು

ಕೋಳಿಯನ್ನು ಹಿಡಿಯುವುದು ಹೇಗೆ, ರೆಕ್ಕೆಯ ಯಾವ ಜಾಗದಲ್ಲಿ ಸೂಜಿ ಚುಚ್ಚಬೇಕು, ಮದ್ದಿನ ಬಾಟ್ಲಿಯನ್ನು ಬಿಸಿಲಿಗೆ ತೋರಿಸದೆ ಒಯ್ಯುವುದು ಹೇಗೆ ಎಂಬುದನ್ನೆಲ್ಲ ಈಗ ಪಶು ಆಸ್ಪತ್ರೆಯ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿಯೇ ಕಲಿಸುತ್ತಾರಂತೆ. ಒಳ್ಳೆಯದು. ನಮ್ಮ ಕಾಲದಲ್ಲಿ ಹೈಸ್ಕೂಲು ಮುಗಿಸಿದವನ ಕೈಗೆ ಒಂದು ಚರ್ಮದ ಚೀಲ ಕೊಟ್ಟು, ಸ್ವಲ್ಪ ಕಾಲ ಒಬ್ಬ ಹಿರಿಯ ಕಂಪೌಂಡರನ ಹಿಂದೆ ತಿರುಗಲು ಬಿಟ್ಟು, ಆಮೇಲೆ "ಇನ್ನು ನೀನೇ ಹೋಗು" ಎನ್ನುತ್ತಿದ್ದರು. ಹೋಗುತ್ತಿದ್ದೆವು. ಎತ್ತು ಒದೆಯುತ್ತಿತ್ತು, ಕಲಿಯುತ್ತಿದ್ದೆವು.

ಆದರೆ ಆಗಲೂ ಯಾರೂ ಕಲಿಸದ, ಈಗಲೂ ಕಲಿಸುತ್ತಾರೋ ಇಲ್ಲವೋ ಗೊತ್ತಿಲ್ಲದ ಒಂದು ಸಂಗತಿ ಉಂಟು. ಚೀಲ ಹಿಡಿದು ಹೋದವನನ್ನು ಊರಿನವರು ಡಾಕ್ಟ್ರೇ ಎಂದು ಕರೆಯುತ್ತಾರೆ. ಪ್ರಶ್ನೆ ಕೇಳುತ್ತಾರೆ. ಅವನು ಹೇಳಿದ್ದನ್ನು ನಂಬುತ್ತಾರೆ. ಆ ನಂಬಿಕೆಯನ್ನು ನಾನು ಒಮ್ಮೆ ಹೇಗೆ ಉಪಯೋಗಿಸಿಕೊಂಡೆ ಎಂಬುದನ್ನು ಬರೆಯಲಿಕ್ಕಾಗಿಯೇ ಈ ವಯಸ್ಸಿನಲ್ಲಿ ಕಾಗದ ಮುಂದಿಟ್ಟುಕೊಂಡಿದ್ದೇನೆ. ಉಳಿದ ಅನುಭವಗಳು ದಾರಿಯಲ್ಲಿ ಸಿಕ್ಕಿದಷ್ಟು ಬರಲಿ.

ನನ್ನ ಮೊದಲ ಸರಿಯಾದ ಜಾಗ ಬೆಳ್ತಂಗಡಿ. ಮದ್ರಾಸಿನವರ ಆಡಳಿತ ಹೋಗಿ ನಾವು ಮೈಸೂರಿಗೆ ಸೇರಿದ ಹೊಸತು. ಆಸ್ಪತ್ರೆ ಎಂದರೆ ಒಂದು ಹೆಂಚಿನ ಕೋಣೆ, ಸೂಜಿ ಕುದಿಸಲು ಒಂದು ಸ್ಟವ್, ದನಗಳನ್ನು ಕಟ್ಟಲು ಮರದ ಚೌಕಟ್ಟು. ಫ್ರಿಜ್ ಎಂಬುದನ್ನು ನಾನು ಕಂಡದ್ದೇ ಎಷ್ಟೋ ವರ್ಷದ ಮೇಲೆ. ಮಂಗಳೂರು ಬಂದರಿನ ಮೀನಿನ ದಕ್ಕೆಯಿಂದ ಐಸ್ ತುಂಬಿಸಿದ ಥರ್ಮಾಸು ಬಸ್ಸಿನಲ್ಲಿ ಬರಬೇಕು, ಅದರೊಳಗೆ ಮದ್ದು. ಬಸ್ಸು ಗುರುವಾಯನಕೆರೆಯಲ್ಲಿ ಕೆಟ್ಟು ನಿಂತರೆ ಮದ್ದೂ ಕೆಟ್ಟಿತು. ಮೀನಿನ ವಾಸನೆಯ ಥರ್ಮಾಸು ಹಿಡಿದು ಬ್ರಾಹ್ಮಣರ ದನದ ಹಟ್ಟಿಗೆ ಹೋದಾಗ ಆಗುತ್ತಿದ್ದ ಪೇಚಾಟ ಬೇರೆ. ಒಬ್ಬ ಭಟ್ಟರು ನನ್ನನ್ನು ಅಂಗಳದ ತುದಿಯಲ್ಲೇ ನಿಲ್ಲಿಸಿ, "ನೀವು ಅಲ್ಲೇ ಇರಿ, ದನವನ್ನು ಅಲ್ಲಿಗೇ ತರ್ತೇನೆ" ಎಂದು ಇಡೀ ಹಟ್ಟಿಯನ್ನೇ ಗದ್ದೆಗೆ ಇಳಿಸಿದ್ದರು.

ಆ ದಿನಗಳಲ್ಲಿ ಬ್ಲಾಕ್ ಆಫೀಸಿನ ದೊಡ್ಡ ಉತ್ಸಾಹವೆಂದರೆ ಲೆಗಾರ್ನ್ ಕೋಳಿ. ಊರುಕೋಳಿ ಮೊಟ್ಟೆ ಇಡುವುದು ಕಡಿಮೆ, ಆದ್ದರಿಂದ ಸರಕಾರದ ಫಾರ್ಮಿನಿಂದ ಬಿಳಿ ಲೆಗಾರ್ನ್ ತಂದು ಹಳ್ಳಿಗಳಲ್ಲಿ ಹಂಚಬೇಕು. ಹಂಚಲಿಕ್ಕೆ ನಾನು. ಹೆಂಗಸರು ಅವನ್ನು ಕೈಯಲ್ಲಿ ಹಿಡಿದು ತೂಕ ನೋಡಿ, "ಇದು ಕಾವಿಗೆ ಕೂರ್ತದಾ?" ಎಂದು ಕೇಳುತ್ತಿದ್ದರು. ಇಲ್ಲ, ಈ ಜಾತಿ ಕಾವಿಗೆ ಕೂರುವುದಿಲ್ಲ, ಅದರ ಬದಲು ಮೊಟ್ಟೆ ಇಡುತ್ತಾ ಇರುತ್ತದೆ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. "ಕಾವಿಗೆ ಕೂರದ ಹೇಂಟೆ ಎಂಥ ಹೇಂಟೆ ಡಾಕ್ಟ್ರೇ? ಹೆತ್ತು ಬೀದಿಗೆ ಬಿಡುವವಳಾ?" ಭೂತಕ್ಕೆ ಹರಕೆ ಹೇಳಿದವರಿಗೆ ಕೆಂಪು ಹುಂಜವೇ ಬೇಕು, ಬಿಳಿಯದು ಬೇಡ. ಹಾಗೂ ಹೀಗೂ ಹಂಚುತ್ತಿದ್ದೆ.

ಹಂಚುವುದಕ್ಕೆ ಒಂದು ನಿಯಮವಿತ್ತು. ಫಾರ್ಮಿನಿಂದ ಬಂದ ಕೋಳಿಗಳನ್ನು ಮೊದಲು ಆಸ್ಪತ್ರೆಯ ಹಿಂದೆ ಬೇರೆಯಾಗಿ ಇಟ್ಟು, ಕೆಲವು ದಿನ ನೋಡಿ, ಜಡ್ಡಿಲ್ಲವೆಂದು ಖಚಿತವಾದ ಮೇಲೆಯೇ ಮನೆಗಳಿಗೆ ಕೊಡಬೇಕು. ಈ ನಿಯಮವನ್ನು ನಾನು ಮುರಿದೆ. ಮುಂಡಾಜೆಯಿಂದ ಒಳಗೆ ಹೋಗುವ ಒಂದು ಗ್ರಾಮದಲ್ಲಿ ಮೇಲಧಿಕಾರಿಯೊಬ್ಬರ ಭೇಟಿ ಇತ್ತು. ಅವರ ಎದುರಿನಲ್ಲಿ ಕೋಳಿ ಹಂಚಿದರೆ ಒಳ್ಳೆಯದು ಎಂದು ಬ್ಲಾಕಿನವರು ಹೇಳಿದರು. ಬಸ್ಸಿನಿಂದ ಇಳಿದ ಬಿದಿರಿನ ಬುಟ್ಟಿಯನ್ನು ಹಾಗೆಯೇ ಇನ್ನೊಂದು ಬಸ್ಸಿಗೆ ಏರಿಸಿದೆ. ಬುಟ್ಟಿಯಲ್ಲಿ ಒಂದೆರಡು ಕೋಳಿ ತೂಕಡಿಸುತ್ತಿದ್ದವು. ಪ್ರಯಾಣದ ಆಯಾಸ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಗ್ರಾಮದಲ್ಲಿ ಕಾರ್ಮಿನ್ ಬಾಯಿ ಎಂಬ ಕ್ರಿಶ್ಚಿಯನ್ ಹೆಂಗಸು ಇದ್ದರು. ಇಡೀ ಊರಿನಲ್ಲಿ ಅವರದೊಂದೇ ಕೊಂಕಣಿ ಮಾತಾಡುವ ಮನೆ. ಅವರ ಗಂಡ ಘಟ್ಟದ ಮೇಲೆ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬನ ಹತ್ತಿರ ಬಟ್ಲರ್ ಆಗಿದ್ದರಂತೆ. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೋಗುವಾಗ ಬಟ್ಲರಿಗೆ ಒಂದು ಜೋಡಿ ಟರ್ಕಿ ಕೋಳಿ ಕೊಟ್ಟುಹೋಗಿದ್ದ. ಗಂಡ ತೀರಿಹೋದ ಮೇಲೆ ಬಾಯಿ ಆ ಜೋಡಿಯಿಂದ ಒಂದು ಹಿಂಡನ್ನೇ ಮಾಡಿದ್ದರು. ಕ್ರಿಸ್ಮಸ್ಸಿಗೆ, ಮದುವೆಗೆ ಮಂಗಳೂರಿನವರು ಬಂದು ಒಯ್ಯುತ್ತಿದ್ದರು. ಅವರ ಜೀವನ ಅದರಲ್ಲೇ.

ಊರಿನವರು ಆ ಹಕ್ಕಿಗೆ ದೊರೆ ಕೋಳಿ ಎನ್ನುತ್ತಿದ್ದರು. ಹೆಸರಿನಲ್ಲಿ ಸ್ವಲ್ಪ ತಮಾಷೆ, ಸ್ವಲ್ಪ ಹೆಮ್ಮೆ. ಎದೆ ಉಬ್ಬಿಸಿ, ಬಾಲ ಬಿಚ್ಚಿ, ಗಂಟಲಿನ ಕೆಂಪು ಚರ್ಮ ನೇತಾಡಿಸಿಕೊಂಡು ಅದು ಗದ್ದೆಯ ಅಂಚಿನ ಹುಣಿಯ ಮೇಲೆ ನಡೆದರೆ ಸೇಸಪ್ಪ ಎಂಬ ಚೇಷ್ಟೆಯ ಮನುಷ್ಯ ಮುಂಡಾಸು ತೆಗೆದು, "ನಮಸ್ಕಾರ ದೊರೆಗಳೇ, ಕಂದಾಯ ನಾಳೆ ಕೊಡ್ತೇನೆ" ಎನ್ನುತ್ತಿದ್ದ. ಬೇರೆ ಊರಿನ ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು.

ನಾನು ಲೆಗಾರ್ನ್ ಹಂಚಿ ಒಂದು ವಾರ ಕಳೆಯುವುದರೊಳಗೆ ಆ ಊರಿನ ಕೋಳಿಗಳು ಸಾಯತೊಡಗಿದವು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಬಾಯಿ ಬಿಟ್ಟು ಉಸಿರೆಳೆಯುತ್ತಾ ಸಾಯುತ್ತಿದ್ದವು. ಹೋಗಿ ನೋಡಿದ ಕೂಡಲೇ ತಿಳಿಯಿತು, ರಾಣಿಖೇತ್ ರೋಗ. ಎಲ್ಲಿಂದ ಬಂತು ಎಂಬುದೂ ತಿಳಿಯಿತು. ಮೊದಲು ಸತ್ತದ್ದು ಲೆಗಾರ್ನ್ ಪಡೆದ ಮನೆಗಳ ಕೋಳಿಗಳು.

ಕಾರ್ಮಿನ್ ಬಾಯಿಯ ಹಿಂಡಿಗೆ ಮಾತ್ರ ಏನೂ ಆಗಲಿಲ್ಲ. ಆ ರೋಗ ಟರ್ಕಿಯನ್ನು ಊರುಕೋಳಿಯಷ್ಟು ಬಡಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಊರಿಗೆ ಗೊತ್ತಿರಲಿಲ್ಲ.

ಧರ್ಣಪ್ಪ ಗೌಡರು ಆ ಊರಿನ ಹಿರಿಯರು. ಅವರ ಅಂಗಳದಲ್ಲಿ ಜನ ಸೇರಿದ್ದರು. ನಾನು ಸ್ಟವ್ ಹಚ್ಚಿ ಸೂಜಿ ಕುದಿಸುತ್ತಾ ಕೂತಿದ್ದೆ. ಉಳಿದ ಕೋಳಿಗಳಿಗೆ ಮದ್ದು ಹಾಕಬೇಕಿತ್ತು.

"ಡಾಕ್ಟ್ರೇ," ಎಂದರು ಗೌಡರು, "ಇದು ನಮ್ಮ ಊರಿನಲ್ಲಿ ಇಲ್ಲದ ಸೀಕು. ಎಲ್ಲಿಂದ ಬಂತು ಮಾರಾಯ್ರೇ?"

ಅವರು ನನ್ನನ್ನು ಅನುಮಾನಿಸಿ ಕೇಳಲಿಲ್ಲ. ಗೊತ್ತಿರುವವನ ಹತ್ತಿರ ಕೇಳುವಂತೆ ಕೇಳಿದರು. ನನ್ನ ಬುಟ್ಟಿಯಿಂದ ಬಂತು ಎಂದರೆ ಕೆಲಸ ಹೋದೀತೆಂದು ಹೆದರಿಕೆ. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು. ಆಗ ಕೆಳಗೆ ಗದ್ದೆಯಲ್ಲಿ ದೊರೆ ಕೋಳಿ ಗಟಗಟನೆ ಕೂಗಿತು. ನಾನು ಅತ್ತ ನೋಡಿದೆ. ನಾನು ನೋಡಿದ್ದನ್ನು ಎಲ್ಲರೂ ನೋಡಿದರು.

"ಆ ಹಕ್ಕಿಗೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ?" ಎಂದೆ. "ಟರ್ಕಿ. ಟರ್ಕಿ ಅಂದ್ರೆ ಒಂದು ದೇಶ. ಸಮುದ್ರದ ಆಚೆ, ಅರಬಿಗಳ ದೇಶ ದಾಟಿ ಹೋಗ್ಬೇಕು. ಹೈಸ್ಕೂಲಿನ ಮ್ಯಾಪಿನಲ್ಲಿ ಉಂಟು. ಎಲ್ಲಿಂದ ಬಂದದ್ದು ಅಂತ ಹೆಸರಿನಲ್ಲೇ ಉಂಟಲ್ಲ."

"ಅಂದ್ರೆ ಅಲ್ಲಿಯ ಸೀಕು?" ಎಂದ ಸೇಸಪ್ಪ.

"ನಾನು ಹಾಗೆ ಹೇಳುವುದಿಲ್ಲ," ಎಂದೆ.

ನಿಜ, ನಾನು ಹಾಗೆ ಹೇಳಲಿಲ್ಲ. ಒಂದು ಹೆಸರಿನ ಅರ್ಥ ಹೇಳಿ ಬಾಯಿ ಮುಚ್ಚಿದೆ, ಅಷ್ಟೆ. ಮುಂದಿನದನ್ನು ಅವರೇ ಜೋಡಿಸಿಕೊಂಡರು. ದೂರದೇಶದ ಹಕ್ಕಿ, ಊರಿಗೆಲ್ಲ ಸೀಕು ಬಂದರೂ ತಾನು ಸಾಯದ ಹಕ್ಕಿ. ಆ ಸಂಜೆಯಿಂದ ಯಾರೂ ಅದನ್ನು ದೊರೆ ಕೋಳಿ ಎನ್ನಲಿಲ್ಲ. ಟರ್ಕಿ ಎಂದರು.

ನಮ್ಮ ಕಡೆ ವರ್ಷಕ್ಕೊಮ್ಮೆ ಮಳೆಗಾಲದ ಆಟಿ ತಿಂಗಳಲ್ಲಿ, ಮತ್ತೆ ಊರಿಗೆ ಸೀಕು ಬಂದಾಗಲೆಲ್ಲ, ಮಾರಿ ಓಡಿಸುವ ಕ್ರಮವಿತ್ತು. ಒಂದು ಬಿದಿರಿನ ಕುಕ್ಕೆಯಲ್ಲಿ ತೆಂಗಿನ ಗೆರಟೆ ತುಂಬ ಕುಂಕುಮದ ನೀರು, ತವುಡು, ಗುಡಿಸುವ ಹಳೆಯ ಹಿಡಿಸೂಡಿ ಇಟ್ಟು, ಡೋಲು ಬಡಿಯುತ್ತಾ ಗಡಿಕಲ್ಲಿನವರೆಗೆ ಹೋಗಿ ಆಚೆಗೆ ಇಟ್ಟುಬರುವುದು. ಕುಕ್ಕೆಯನ್ನು ಊರಿನ ಯಾರಾದರೊಬ್ಬ ಬಡವನ ತಲೆಗೆ ಕಟ್ಟುತ್ತಿದ್ದರು. ಆಚೆಯ ಗ್ರಾಮದವರಿಗೆ ಗೊತ್ತಾದರೆ ಅವರು ತಮ್ಮ ಆಚೆಯ ಗಡಿಗೆ ದಾಟಿಸುತ್ತಿದ್ದರು. ಮಾರಿ ಹೀಗೆ ಗ್ರಾಮದಿಂದ ಗ್ರಾಮಕ್ಕೆ ನಡೆಯುತ್ತಿತ್ತು. ಇಟ್ಟವರು ಹಿಂದೆ ತಿರುಗಿ ನೋಡಬಾರದು.

ಈ ಸಲ ಮಾರಿಯ ಜೊತೆಗೆ ಟರ್ಕಿಗಳೂ ಗಡಿ ದಾಟಬೇಕೆಂದು ತೀರ್ಮಾನವಾಯಿತು. ಗೌಡರು ಕೆಟ್ಟವರಲ್ಲ. ನನ್ನನ್ನೂ ಕರೆದುಕೊಂಡು ತಾವೇ ಕಾರ್ಮಿನ್ ಬಾಯಿಯ ಅಂಗಳಕ್ಕೆ ಹೋಗಿ, "ಬಾಯಮ್ಮ, ನಿಮ್ಮ ಮೇಲೆ ಏನೂ ಇಲ್ಲ. ಆ ಜಾತಿ ನಮ್ಮ ಮಣ್ಣಿನದ್ದಲ್ಲ. ಕಳಿಸಿಬಿಡುವ," ಎಂದರು.

"ನನ್ನ ಕೋಳಿಗೆ ಒಂದು ಸೀನು ಕೂಡಾ ಬರ್ಲಿಲ್ಲ ಗೌಡ್ರೇ."

"ಅದೇ ಬಾಯಮ್ಮ. ಅದಕ್ಕೇ."

ಬಾಯಿ ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ನೀವು ಓದಿದವರು. ನೀವು ಹೇಳಿ. ಸೀಕು ನನ್ನ ಕೋಳಿಯದ್ದಾ?"

ನಾನು ಚೀಲದ ಬಕಲ್ ಹಾಕುತ್ತಾ, "ಖಂಡಿತ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಬಾಯಿ," ಎಂದೆ.

ಅವರು ಒಳಗೆ ಹೋಗಿ ಒಂದು ಗಂಟು, ಒಂದು ಉದ್ದನೆಯ ಬಿದಿರಿನ ಕೋಲು ತಂದರು. ತಮ್ಮ ಹಕ್ಕಿಗಳನ್ನು ಬೇರೆ ಯಾರೂ ಮುಟ್ಟಬಾರದು ಎಂದರು. ಡೋಲಿನವರು ಮುಂದೆ, ಮಾರಿಯ ಕುಕ್ಕೆ, ಅದರ ಹಿಂದೆ ಟರ್ಕಿಯ ಹಿಂಡು, ಕೋಲು ಹಿಡಿದ ಬಾಯಿ. ಊರಿಗೆ ಊರೇ ಹಿಂದೆ. ನಾನೂ ಇದ್ದೆ. ಗಡಿಕಲ್ಲಿನ ಹತ್ತಿರ ಡೋಲು ನಿಂತಿತು. ಕುಕ್ಕೆ ಹೊತ್ತವನು ಆಚೆ ಇಟ್ಟು ಬಂದ. ಬಾಯಿ ಹಿಂಡನ್ನು ಆಚೆ ಬಿಟ್ಟು ಮರಳುತ್ತಾರೆ ಎಂದುಕೊಂಡಿದ್ದೆವು. ಅವರು ಬಿಡಲಿಲ್ಲ. ಹಿಂಡಿನ ಹಿಂದೆಯೇ ನಡೆದರು. ದಾರಿ ತಿರುಗುವಲ್ಲಿ ಕೋಲಿನ ತುದಿ ಮಾತ್ರ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ.

"ಬರ್ತಾರೆ, ಬರ್ತಾರೆ," ಎಂದರು ಗೌಡರು. ಬಾಯಿ ಬರಲಿಲ್ಲ. ನನ್ನ ಮದ್ದಿನಿಂದ ರೋಗ ತಗ್ಗಿತು. ಟರ್ಕಿ ಹೋದದ್ದರಿಂದ ತಗ್ಗಿತೆಂದು ಊರು ನಂಬಿತು. ನನ್ನ ಮೇಲೆ ಗೌರವ ಹೆಚ್ಚಿತು. ಹೋದಾಗಲೆಲ್ಲ ಬೆಲ್ಲ, ನೀರು, ಎಳನೀರು. ನನಗೆ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯುತ್ತಿತ್ತು. ವರ್ಷಗಳವರೆಗೆ ಸರಾಗವಾಗಿ ಇಳಿಯಿತು.

ಮುಂದೆ ನನ್ನನ್ನು ಮೂಡುಬಿದಿರೆಗೆ ಹಾಕಿದರು. ಅಲ್ಲಿಯ ಡಾಕ್ಟರು ಮದ್ರಾಸಿನಲ್ಲಿ ಓದಿ ಬಂದವರು. ನಾನು ಕಂಡ ಮೇಲಧಿಕಾರಿಗಳಲ್ಲಿ ಇವರಷ್ಟು ಮಾತುಗಾರರು ಇನ್ನೊಬ್ಬರಿಲ್ಲ. ಜೀಪಿನಲ್ಲಿ ಹೋಗುವಾಗ ಅವರ ಮಾತು ನಿಲ್ಲುತ್ತಿರಲಿಲ್ಲ. ಒಮ್ಮೆ ಲೆಗಾರ್ನ್ ಬುಟ್ಟಿ ನಮ್ಮ ಕಾಲ ಬುಡದಲ್ಲಿತ್ತು. (ಆ ಹೊತ್ತಿಗೆ ನಾನು ಯಾವ ಕೋಳಿಯನ್ನೂ ಕಾದು ನೋಡದೆ ಹಂಚುತ್ತಿರಲಿಲ್ಲ.) "ಲೆಗಾರ್ನ್ ಅಂದ್ರೆ ಎಂತ ಗೊತ್ತುಂಟಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇಟಲಿಯ ಒಂದು ಬಂದರಿನ ಹೆಸರು, ಕೋಳಿ ಹಡಗು ಹತ್ತಿದ ಜಾಗ, ಇಂಗ್ಲಿಷರ ನಾಲಗೆಯಲ್ಲಿ ಹಾಗಾಯಿತು ಎಂದರು. "ಇದಾದರೂ ಸರಿ. ಟರ್ಕಿಯ ಕತೆ ಕೇಳ್ಬೇಕು ನೀವು!"

ಅವರು ಹೇಳುತ್ತಾ ಹೋದರು. ಆ ಹಕ್ಕಿಗೂ ಟರ್ಕಿ ದೇಶಕ್ಕೂ ಸಂಬಂಧವೇ ಇಲ್ಲ. ಅದರ ಹುಟ್ಟೂರು ಅಮೆರಿಕ ಖಂಡದ ಮೆಕ್ಸಿಕೋ. ಅದು ಅಲ್ಲಿಂದ ಹಡಗು ಹತ್ತುವ ಮೊದಲೇ ಆಫ್ರಿಕದ ಚುಕ್ಕೆಕೋಳಿ ತುರ್ಕಿಯ ವ್ಯಾಪಾರಿಗಳ ಕೈಯಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು, ಅದನ್ನು ಟರ್ಕಿ ಕೋಳಿ ಎನ್ನುತ್ತಿದ್ದರು. ಈ ದೊಡ್ಡ ಹಕ್ಕಿ ಬಂದಾಗ ಅದೇ ಹೆಸರನ್ನು ಇದಕ್ಕೂ ಅಂಟಿಸಿದರು. "ಇನ್ನು ತುರ್ಕಿಯವರು ಇದನ್ನು ಎಂತ ಕರೀತಾರೆ? ಹಿಂದಿ! ಅಂದ್ರೆ ನಮ್ಮ ದೇಶದ್ದು ಅಂತ. ಫ್ರೆಂಚರೂ ಇಂಡಿಯಾದ ಕೋಳಿ ಅಂತಾರೆ. ಡಚ್ಚರು ಅಂತೂ ನಮ್ಮ ನೆರೆಗೇ ತಂದಿಟ್ಟಿದ್ದಾರೆ, ಕಲ್ಲಿಕೋಟೆಯ ಕೋಳಿ ಅಂತೆ. ಪೋರ್ಚುಗೀಸರು ಪೆರು ದೇಶ ಅಂತಾರೆ. ನೋಡಿ ಮಾರಾಯ್ರೇ, ಯಾರೂ ನಮ್ಮದು ಅನ್ನುವುದಿಲ್ಲ. ಎಲ್ಲರೂ ಆಚೆಯವನ ಹೆಸರು ಹೇಳುವುದು! ರೋಗಕ್ಕೂ ಊರಿನ ಹೆಸರೇ, ನಮ್ಮ ರಾಣಿಖೇತ್ ನೋಡಿ. ಉತ್ತರದ ಒಂದು ಬೆಟ್ಟದ ಊರಿನ ಹೆಸರು. ಇಂಗ್ಲಿಷರಲ್ಲಿ ಅದೇ ರೋಗಕ್ಕೆ ಅವರ ಊರಿನದೇ ಹೆಸರು, ನ್ಯೂಕ್ಯಾಸಲ್."

ಅವರು ತೊಡೆ ತಟ್ಟಿಕೊಂಡು ನಗುತ್ತಿದ್ದರು. ನನಗೆ ಡೋಲಿನ ಸದ್ದು ಕೇಳುತ್ತಿತ್ತು. ದೊಡ್ಡ ದೊಡ್ಡ ದೇಶಗಳೂ ಆ ಹಕ್ಕಿಯನ್ನು ಹೀಗೆಯೇ ಒಂದರ ಗಡಿಯಿಂದ ಇನ್ನೊಂದರ ಗಡಿಗೆ ದಾಟಿಸುತ್ತಾ ಬಂದಿವೆ. ನಾನು ಆ ಅಂಗಳದಲ್ಲಿ ಕೂತು ತಿಳಿದವನಂತೆ ಹೇಳಿದ ಮಾತು ಬುಡದಿಂದಲೇ ತಪ್ಪು. ಸರಿಯಾಗಿದ್ದರೂ ಆ ಹೊತ್ತಿಗೆ ಅದನ್ನು ಹೇಳಿದ್ದು ದ್ರೋಹ. ಈ ಎರಡನ್ನೂ ನನಗೆ ಆ ಜೀಪಿನಲ್ಲಿ ಒಟ್ಟಿಗೇ ಒಪ್ಪಿಕೊಳ್ಳಬೇಕಾಯಿತು.

ಬಂಟ್ವಾಳಕ್ಕೆ ವರ್ಗವಾದ ಮೇಲೆ ಒಮ್ಮೆ ಫರಂಗಿಪೇಟೆಯಲ್ಲಿ ನದಿಯ ಬದಿಯ ಮನೆಗಳಿಗೆ ಮದ್ದು ಹಾಕಲು ಹೋಗಿದ್ದೆ. ಒಂದು ಬೇಲಿಯ ಹಿಂದಿನಿಂದ ಆ ಗಟಗಟ ಕೂಗು ಬಂತು. ಬೇಲಿಯ ಮೇಲಿನಿಂದ ನೋಡಿದರೆ ಕಾರ್ಮಿನ್ ಬಾಯಿ. ಕೂದಲು ಬೆಳ್ಳಗಾಗಿತ್ತು. ಅದು ಅವರ ತಂಗಿಯ ಮನೆ. ನನ್ನನ್ನು ಗುರುತಿಸಿದರು, ಕೂರಲು ಸ್ಟೂಲು ಕೊಟ್ಟರು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಬುಟ್ಟಿಯ ಕತೆ, ಹೆಸರಿನ ಕತೆ, ಡಾಕ್ಟರು ಹೇಳಿದ್ದು.

ಎಲ್ಲ ಕೇಳಿದ ಬಾಯಿ, "ಇದನ್ನು ನನಗೆ ಯಾಕೆ ಹೇಳ್ತೀರಿ?" ಎಂದರು. "ನನ್ನ ಕೋಳಿಗೆ ಸೀಕಿರ್ಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರು ಅಲ್ಲಿದ್ದಾರೆ. ಅಲ್ಲಿ ಹೋಗಿ ಹೇಳಿ."

ಆ ವಾರವೇ ಹೊರಟೆ. ಗುರುವಾಯನಕೆರೆಯಲ್ಲಿ ಇಳಿದು, ಒಂದು ಚಾ ಕುಡಿದು, ಎದುರಿನಲ್ಲೇ ನಿಂತಿದ್ದ ಮುಂಡಾಜೆಯ ಬಸ್ಸನ್ನು ಬಿಟ್ಟು ಮನೆಗೆ ವಾಪಸು ಬಂದೆ. ಇದನ್ನೂ ಬರೆಯಬೇಕು. ಇನ್ನೊಮ್ಮೆ ಹೋದಾಗ ಬಸ್ಸು ಹತ್ತಿದೆ. ಧರ್ಣಪ್ಪ ಗೌಡರು ಹಟ್ಟಿಯಲ್ಲಿದ್ದರು. ಅಲ್ಲೇ ನಿಂತು, ಯಾರೂ ಇಲ್ಲದ್ದನ್ನು ನೋಡಿಕೊಂಡು ಹೇಳಿದೆ.

ಅವರು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. "ಅವತ್ತು ನೀವು ಊರಿನ ಎದುರು ಹೇಳಿದಿರಿ. ಇವತ್ತು ನನ್ನ ಒಬ್ಬನ ಕಿವಿಗೆ ಹೇಳ್ತೀರಾ? ಆಟಿಯಲ್ಲಿ ಮಾರಿ ಓಡಿಸುವಾಗ ಎಲ್ಲರೂ ಸೇರ್ತಾರೆ. ಆಗ ಬನ್ನಿ."

ಆಟಿ ತಿಂಗಳಲ್ಲಿ ಹೋದೆ. ಅದೇ ಅಂಗಳ, ಅಂಗಳ ತುಂಬ ಅದೇ ಜನ. ಹೇಳಿದೆ. ಒಬ್ಬ ಮುದುಕಿ, "ನಮ್ಮ ಬಾಯಮ್ಮನನ್ನು ನಾವೇ ಅಟ್ಟಿದೆವಲ್ಲ," ಎಂದು ಸೆರಗು ಬಾಯಿಗೆ ಹಿಡಿದಳು.

ಸೇಸಪ್ಪನಿಗೆ ಸುಮ್ಮನಿರಲು ಬರುವುದಿಲ್ಲ. "ಹಾಗಾದ್ರೆ ಈ ಸಲ ಡಾಕ್ಟ್ರನ್ನೇ ಗಡಿ ದಾಟಿಸುವ!" ಎಂದ. ಕೆಲವರು ನಕ್ಕರು.

ಗೌಡರು ನಗಲಿಲ್ಲ. "ಕುಕ್ಕೆ ಅವರ ತಲೆಗೆ ಕೊಡಿ," ಎಂದರು.

ಹೊತ್ತೆ. ಮಳೆಗೆ ಕುಂಕುಮದ ನೀರು ಕುಕ್ಕೆಯಿಂದ ಸೋರಿ ಸರಕಾರಿ ಖಾಕಿ ಅಂಗಿಯ ಮೇಲೆ ಇಳಿಯುತ್ತಿತ್ತು. ಹಿಂದಿನಿಂದ ಡೋಲು. ಇಷ್ಟು ವರ್ಷ ಇದನ್ನು ಹೊತ್ತವರ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಗಡಿಕಲ್ಲು ದಾಟಿ ಕುಕ್ಕೆ ಇಟ್ಟೆ. ಹೊತ್ತವನು ಊರಿಗೆ ಮರಳಬಹುದಿತ್ತು. ನಾನು ಮರಳಲಿಲ್ಲ, ಮುಂದೆ ನಡೆದು ರಸ್ತೆಗೆ ಬಂದು ಬಸ್ಸು ಹತ್ತಿದೆ. ಈ ವಿಷಯ ಆಫೀಸಿಗೂ ಮುಟ್ಟಿತು. ಒಂದು ಎಚ್ಚರಿಕೆಯ ಕಾಗದ ಬಂತು. ಇಷ್ಟು ವರ್ಷ ಹೆದರಿದ್ದು ಇದಕ್ಕಾ ಎಂದು ನಾಚಿಕೆಯಾಯಿತು.

ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದಿಷ್ಟು. ಎಲ್ಲಿಂದ ಬಂತು ಎಂದು ಊರಿನವರು ಕೇಳಿದಾಗ ಮೊದಲು ನಿಮ್ಮ ಚೀಲ, ನಿಮ್ಮ ಬುಟ್ಟಿ, ನಿಮ್ಮ ಚಪ್ಪಲಿಯ ಅಡಿ ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಗೊತ್ತಿದ್ದರೆ ಅಲ್ಲೇ, ಆಗಲೇ ಹೇಳಿ.

ಮಳೆಗಾಲ ಮುಗಿದ ಮೇಲೆ ಮತ್ತೆ ಫರಂಗಿಪೇಟೆಗೆ ಹೋದೆ. ಬಾಯಿ ಅಂಗಳದಲ್ಲಿ ಮರಿಗಳಿಗೆ ನುಚ್ಚು ಹಾಕುತ್ತಿದ್ದರು.

"ಗೌಡ್ರು ಬಂದಿದ್ರು," ಎಂದರು. "ಗಂಡ ಹೆಂಡತಿ ಇಬ್ಬರೂ. ಮನೆ ಹಾಗೇ ಉಂಟು, ಬನ್ನಿ ಬಾಯಮ್ಮ ಅಂತ ಹೇಳಿದ್ರು. ಇನ್ನು ಈ ಮೊಣಕಾಲು ಹಿಡ್ಕೊಂಡು ಎಲ್ಲಿಗೆ?"

"ನನ್ನ ವಿಷಯ ಹೇಳಿದ್ರಾ?"

"ಹೇಳಿದ್ರು. ಕುಕ್ಕೆ ಹೊತ್ತಿರಂತೆ." ಅವರು ನುಚ್ಚಿನ ಗೆರಟೆಯನ್ನು ಬೋರಲು ಹಾಕಿ ತಟ್ಟಿದರು. "ಗಡಿ ದಾಟಿದ ಮೇಲೆ ಹಿಂದೆ ತಿರುಗಿ ನೋಡಿದಿರಾ?"

"ಇಲ್ಲ ಬಾಯಿ. ನೋಡಬಾರದಲ್ಲ."

"ನಾನು ನೋಡಿದ್ದೆ," ಎಂದರು. "ದಾರಿ ತಿರುಗುವಲ್ಲಿ ನಿಂತು ನೋಡಿದ್ದೆ. ಯಾರಾದ್ರೂ ಒಬ್ಬರು ಕರೀತಾರೋ ಅಂತ."